ಅಕ್ಕ ಅನ್ನಿಸಿಕೊಂಡವಳು

"ಇಬ್ಬರಲ್ಲಿ ಯಾರು ದೊಡ್ಡವಳು?" ಕಾಲೇಜಿನ ಪ್ರವೇಶ ವಿಭಾಗದ ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿ ಕೇಳಿದರು.

ಮೇಜಿನ ಈಚೆ ಅವಳಿ ಹುಡುಗಿಯರು, ನಡುವೆ ತಾಯಿ. ಅಧಿಕಾರಿ ಪಾಪ, ಒಳ್ಳೆಯ ಮನುಷ್ಯ. ಬೆಳಗಿನಿಂದ ಬಂದವರಿಗೆಲ್ಲ ಹೇಳಿ ಗಂಟಲು ಕಟ್ಟಿದ್ದರೂ ಮತ್ತೆ ಬಿಡಿಸಿ ಹೇಳಿದರು.

"ಕಟ್‌ಆಫ್ ಅಂದ್ರೆ ನಾವು ಮೊದಲೇ ಎಳೆದಿಟ್ಟ ಗೆರೆ ಅಲ್ಲಮ್ಮ. ಹೆಚ್ಚು ಅಂಕದವರಿಂದ ತುಂಬಿಸ್ತಾ ಬರ್ತೀವಿ, ಕೊನೇ ಸೀಟು ಯಾರ ಅಂಕಕ್ಕೆ ನಿಲ್ಲುತ್ತೋ ಅದೇ ಕಟ್‌ಆಫ್. ಈ ಸಲ ನಿಮ್ಮ ಮಕ್ಕಳ ಹತ್ರಾನೇ ಬಂದು ನಿಂತಿದೆ. ಉಳಿದಿರೋದು ಒಂದೇ ಸೀಟು. ಇಬ್ಬರದೂ ಒಂದೇ ಅಂಕ, ಗಣಿತದಲ್ಲೂ ಒಂದೇ. ಹಾಗಾದಾಗ ವಯಸ್ಸಲ್ಲಿ ದೊಡ್ಡವರಿಗೆ ಕೊಡ್ತೀವಿ. ಹುಟ್ಟಿದ ದಿನವೂ ಒಂದೇ ಆಯ್ತಲ್ಲ, ಯಾರು ಮೊದಲು ಹುಟ್ಟಿದ್ದು ಅಂತ ನೀವೇ ಬರೆದುಕೊಡಿ."

ಅಕ್ಕ ಕುರ್ಚಿಯ ತುದಿಗೆ ಸರಿದಳು. ತಂಗಿಗಿಂತ ಸ್ವಲ್ಪ ಹೊತ್ತು ಮುಂಚೆ ಹುಟ್ಟಿದ್ದಕ್ಕೆ ಅವಳು ತೆತ್ತ ದಂಡ ಅಷ್ಟಿಷ್ಟಲ್ಲ. ಹೊಸ ಛತ್ರಿ, ಹಾಲಿನ ಕೆನೆ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಯಾವುದಕ್ಕೆ ಕೈ ಚಾಚಿದರೂ ಅಮ್ಮನದು ಒಂದೇ ಮಾತು: "ನೀನು ದೊಡ್ಡವಳಲ್ವಾ, ಬಿಟ್ಟುಕೊಡು." ಅಬ್ಬಾ, ಆ ಹಾಳು ದೊಡ್ಡತನ ಕೊನೆಗೂ ಒಂದು ಉಪಯೋಗಕ್ಕೆ ಬಂತು ಎಂದುಕೊಂಡಳು.

ಸೀಟು ಸಿಗದವಳು ಅಮ್ಮನ ಹೊಲಿಗೆ ಅಂಗಡಿಗೆ ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಅಪ್ಪ ಹೋದ ಮೇಲೆ ಎರಡನೇ ಮಿಷನ್ನು ಸುಮ್ಮನೆ ಬಿದ್ದಿತ್ತು. ತಂಗಿಗೋ ಚಿಕ್ಕಂದಿನಿಂದ ಉಬ್ಬಸ. ಬಟ್ಟೆಯ ಧೂಳು ಮೂಗಿಗೆ ಹೋದರೆ ಸಾಕು, ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ತಾಯಿ ಪೆನ್ನು ಕೈಗೆತ್ತಿಕೊಂಡಳು. ಆಮೇಲೆ ಎಡಗೈಯನ್ನು ಮೆಲ್ಲಗೆ ತಂಗಿಯ ಹೆಗಲ ಮೇಲಿಟ್ಟಳು.

"ಇವಳು, ಸಾರ್. ಇವಳೇ ದೊಡ್ಡವಳು."

"ಅಮ್ಮಾ," ಎಂದಳು ತಂಗಿ.

ಅಧಿಕಾರಿಗೆ ಏನನ್ನಿಸಿತೋ, ಕನ್ನಡಕ ಇಳಿಸಿ ಅಕ್ಕನನ್ನೇ ನೋಡಿದರು. "ಹೌದೇನಮ್ಮ?"

ಇಲ್ಲ ಎಂದರೆ ಮುಗಿದಿತ್ತು. ಅವಳು ಅಮ್ಮನ ಕಡೆ ತಿರುಗಿದಳು. ಅಮ್ಮ ಇವಳತ್ತ ನೋಡಲೇ ಇಲ್ಲ. ಎಂಥ ದಪ್ಪ ಬಟ್ಟೆಗೂ ನೆಟ್ಟಗೆ ಹೊಲಿಗೆ ಹಾಕುವ ಆ ಕೈ ಮೊದಲ ಅಕ್ಷರವನ್ನೇ ಎರಡು ಸಲ ತಪ್ಪಿ ಬರೆದು ಹೊಡೆದುಹಾಕಿತ್ತು. ಅಕ್ಕನಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು, ಎರಡನ್ನೂ ನುಂಗಿಕೊಂಡಳು.

"ಹೌದು ಸಾರ್. ಅವಳೇ ಅಕ್ಕ."

ವಾಪಸು ಹೋಗುವ ಬಸ್ಸಿನಲ್ಲಿ ತಾಯಿ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದ ತಂಗಿ ಹಿಂದಿನ ಸೀಟಿನ ಒಳಗೆ ಸರಿಯದೆ ನಿಂತೇ ಇದ್ದಳು.

"ಕಿಟಕಿ ಪಕ್ಕ ನೀನು ಕೂತ್ಕೋ ಅಕ್ಕ."

ಆ ಮಾತಿಗೆ ತಾಯಿಯ ತಲೆ ಇನ್ನಷ್ಟು ಬಗ್ಗಿತು. ಬಿಟ್ಟುಕೊಡು ಎಂದು ಈ ಸಲ ಯಾರೂ ಹೇಳಲಿಲ್ಲ. ಅಕ್ಕ ಒಳಗೆ ಸರಿದು ಕಿಟಕಿ ಪಕ್ಕ ಕೂತಳು. ತಂಗಿ ಅವಳಿಗೆ ಒತ್ತಿಕೊಂಡು ಕೂತಳು.

ಊರು ದಾಟುತ್ತಲೇ ರಸ್ತೆ ಕೆಲಸ ನಡೆಯುತ್ತಿತ್ತು. ಧೂಳು ಎದ್ದು ಬಸ್ಸಿನೊಳಗೆ ನುಗ್ಗಿತು. ತಂಗಿ ಕೆಮ್ಮತೊಡಗಿದಳು.

ಅಕ್ಕ ಎರಡೂ ಕೈಯಿಂದ ಎಳೆದು ಕಿಟಕಿಯ ಗಾಜು ಮುಚ್ಚಿದಳು.