ಹನ್ನೆರಡು ಗಂಟೆಗೆ ಕಾದ ಪ್ಲೇಟುಮಾವ

ಬೀದಿಗೆಲ್ಲ ಪ್ಲೇಟುಮಾವನೆಂದೇ ಆಗಿಹೋಗಿದ್ದ ಆ ಹಾಡಿನ ಯಂತ್ರಗಳ ರಿಪೇರಿ ಅಂಗಡಿಯವರು ಯಾವ ವಸ್ತುವನ್ನೂ ಅಂಚಿನಲ್ಲಲ್ಲದೆ ಹಿಡಿದವರಲ್ಲ. ಗ್ರಾಮಾಫೋನ್ ಪ್ಲೇಟಿಗೆ ಬೆರಳಿನ ಜಿಡ್ಡು ತಾಗಬಾರದೆಂದು ಹದಿನೈದರ ವಯಸ್ಸಿನಲ್ಲಿ ಕಲಿತ ಶಿಸ್ತು ಕೈಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಊಟದ ತಟ್ಟೆ, ಮದುವೆಯ ಫೋಟೋ, ಕೊನೆಗೆ ತೊಟ್ಟಿಲಿನ ಮೊಮ್ಮಗಳನ್ನೂ ಎರಡು ಅಂಗೈಗಳ ನಡುವೆ ಹಾಗೆಯೇ ಎತ್ತಿ, ಬೆಳಕಿಗೆ ತುಸು ಓರೆಮಾಡಿ ನೋಡುತ್ತಿದ್ದರು. "ಮಗೂನ ಸರಿಯಾಗಿ ಹಿಡ್ಕೊಳ್ಳಿ, ಅದೇನು ಪ್ಲೇಟಾ?" ಎಂದು ಮಡದಿ ಗದರಿದರೆ, "ಗೀರು ಬಿದ್ದಿಲ್ಲ ತಾನೇ" ಎನ್ನುವರು.

ಮಂಡಿಯ ತನಕ ಇಳಿಯುವ ಬೂದುಬಣ್ಣದ ಕೋಟು, ಕಿವಿಯ ಮೇಲೊಂದು ಪೆನ್ಸಿಲು. ಅದರಲ್ಲಿ ಅವರು ಒಂದಕ್ಷರ ಬರೆದದ್ದನ್ನು ಕಂಡವರಿಲ್ಲ. ಸಡಿಲವಾದ ಕ್ಯಾಸೆಟ್ಟಿನ ಟೇಪನ್ನು ಸುತ್ತುವುದಷ್ಟೇ ಅದರ ಕಾಯಕ. ಕೀಲಿ ಕೊಡುವ ಗ್ರಾಮಾಫೋನು ಹೋಗಿ ದೊಡ್ಡ ಗಾಲಿಯ ಸ್ಪೂಲು ಟೇಪು ಬಂದಾಗ, ಸ್ಪೂಲು ಹೋಗಿ ಕ್ಯಾಸೆಟ್ಟು ಬಂದಾಗ, ಅದೂ ಹೋಗಿ ಸೀಡಿ ಬಂದಾಗ, ಈ ಅಂಗಡಿಗೆ ಇನ್ನು ಬೀಗವೇ ಗತಿ ಎಂದು ಬೀದಿಯ ಜನ ಭವಿಷ್ಯ ನುಡಿದರು. ಅವರು ಪ್ರತಿಸಲವೂ ಹೊಸ ಯಂತ್ರವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಹೊಟ್ಟೆ ಬಿಚ್ಚಿ, "ಇಷ್ಟೇನಾ ನೀನು" ಎಂದು ಮಾತಾಡಿಸಿದರು.

ಇಂಥ ನಿಪುಣರ ಮನೆಯಲ್ಲೇ ಒಂದು ಕ್ಯಾಸೆಟ್ಟು ನಲವತ್ತಾರು ವರ್ಷ ನಗೆಪಾಟಲಾಗಿತ್ತು. ಇಪ್ಪತ್ತರ ಹರೆಯದಲ್ಲಿ, ಬಟ್ಟೆ ಮಡಿಸುತ್ತ ಹಾಡಿಕೊಳ್ಳುತ್ತಿದ್ದ ತಾಯಿಯ ದನಿಯನ್ನು ಮಾವ ಹಿಡಿದಿಟ್ಟಿದ್ದರು. ತಾಯಿ ಅದೇ ವರ್ಷ ತೀರಿಕೊಂಡರು. ಉಳಿದದ್ದು ಅದೊಂದೇ ಹಾಡು. ಹಾಕಿದಾಗಲೆಲ್ಲ ಇಲಿಮರಿಯಂಥ ಕೀಚಲು ದನಿಯೊಂದು ಗಡಿಬಿಡಿಯಲ್ಲಿ ಓಡುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಮಾವನ ಅಕ್ಕ ಮಾತ್ರ ಎದ್ದು ಒಳಗೆ ಹೋಗುತ್ತಿದ್ದರು. "ಟೇಪೇ ಕಳಪೆ" ಎಂಬುದು ಮಾವನ ಕಾಯಂ ತೀರ್ಪು. ಸೆಲ್ಲು ಕುಂದಿ ಯಂತ್ರ ನಿಧಾನವಾಗಿ ತಿರುಗುವಾಗ ಹಿಡಿದ ದನಿ, ಸರಿಯಾದ ವೇಗದಲ್ಲಿ ಹಾಕಿದರೆ ಹೀಗೆ ಕೀಚಲಾಗುತ್ತದೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಸೆಲ್ಲು ನೋಡದೆ ಗುಂಡಿ ಒತ್ತಿದೆನೆಂದು ಒಪ್ಪಿಕೊಳ್ಳಲು ನಾಲಗೆ ಹೊರಳುತ್ತಿರಲಿಲ್ಲ, ಅಷ್ಟೆ.

ಅಕ್ಕನಿಗೆ ಎಪ್ಪತ್ತೆರಡು ತುಂಬಿ, ಕಿವಿ ಮಂದವಾಗತೊಡಗಿತು. "ಅಮ್ಮನ ದನಿ ಮರೆತೇ ಹೋಗ್ತಿದೆ ಕಣೋ. ಕಿವಿ ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಸರಿಯಾಗಿ ಕೇಳಿಸ್ತೀಯಾ?" ಎಂದರು.

ಆದರೆ ಎಷ್ಟು ನಿಧಾನಿಸಿದರೆ ಅಮ್ಮ, ಎಷ್ಟು ನಿಧಾನಿಸಿದರೆ ಬೇರೆ ಯಾರೋ? ಮಾವ ವಾರವಿಡೀ ಕೇಳಿದರು. ಹಾಡಿನ ಹಿಂದೆ 'ಟಿಣ್' ಎಂದು ನಾಲ್ಕು ಸಲ ಹೊಡೆಯುವುದು, ಈಗ ಅಕ್ಕನ ಮನೆಯ ಗೋಡೆಯಲ್ಲಿರುವ ತವರಿನ ಗಡಿಯಾರವೇ ಎಂದು ಹೊಳೆದೊಡನೆ ಯಂತ್ರವನ್ನು ಬಗಲಿಗೇರಿಸಿಕೊಂಡು ಓಡಿದರು. ಟೇಪಿನ ಗಂಟೆಯೂ ಗೋಡೆಯ ಗಂಟೆಯೂ ಒಂದೇ ಸ್ವರಕ್ಕೆ ಬರುವ ತನಕ ಮೋಟಾರಿನ ವೇಗದ ಸ್ಕ್ರೂ ತಿರುಗಿಸಿದರಾಯಿತು. ಮುಳ್ಳು ಸರಿಸಿ ಹೊಡೆಸಲು ಅಕ್ಕ ಬಿಡಲಿಲ್ಲ. "ಹಳೇ ಜೀವ ಅದು, ಮುಟ್ಬೇಡ" ಎಂದರು. ಹೆಚ್ಚು ಹೊಡೆತ ಸಿಕ್ಕಷ್ಟೂ ಸ್ವರ ಕಿವಿಯಲ್ಲಿ ನಿಲ್ಲುವುದೆಂದು ಮಾವ ಹನ್ನೆರಡಕ್ಕೇ ಕಾದು ಕುಳಿತರು. ಕಾಯುವಾಗ ತಡೆಯಲಾರದೆ ಹೇಳಿಬಿಟ್ಟರು:

"ಟೇಪಿಂದೇನೂ ತಪ್ಪಿಲ್ಲಕ್ಕ. ಅವತ್ತು ನಾನು ಸೆಲ್ ನೋಡ್ಲಿಲ್ಲ."

ಅಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಮಾವ ಗಾಬರಿಯಾದರೆ, ಅವರು ನಗುತ್ತಿದ್ದರು. "ಹೊಸ ಸೆಲ್ಲು ಟಾರ್ಚಿಗೆ ಹಾಕ್ಕೊಂಡು, ಹಳೇವನ್ನ ನಿನ್ನ ಟೇಪಿಗೆ ತುರುಕಿದ್ದು ನಾನು ಕಣೋ. ಬೈತೀಯ ಅಂತ ಹೇಳ್ಲಿಲ್ಲ."

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಗಡಿಯಾರ ಹನ್ನೆರಡು ಹೊಡೆಯಿತು. ಆ ಸ್ವರವನ್ನು ಗುನುಗುತ್ತಲೇ ಮಾವ ಸ್ಕ್ರೂವನ್ನು ಕೂದಲೆಳೆಯಷ್ಟು, ಮತ್ತೊಂದು ಕೂದಲೆಳೆಯಷ್ಟು ತಿರುಗಿಸಿದರು. ಟೇಪಿನ ಗಂಟೆ ಗೋಡೆಯ ಗಂಟೆಯೇ ಆಯಿತು. ಕೊಂಚ ಒರಟಾದ, ಆತುರವಿಲ್ಲದ ಹೆಣ್ಣುದನಿಯೊಂದು ಕೋಣೆಯನ್ನು ತುಂಬಿತು. ಅಕ್ಕ ಯಂತ್ರಕ್ಕೆ ಕಿವಿಯಾನಿಸಿ ಕುಳಿತರು, ಸುಖವೆಂದರೆ ಅದು. ಹಾಡು ಮುಗಿದ ಮೇಲೆ, ಇಷ್ಟು ವರ್ಷ ಎಲ್ಲರೂ ಕಿಚಪಿಚ ಸದ್ದೆಂದು ಬಗೆದಿದ್ದ ಕಡೆ ಒಂದು ಮಾತಿತ್ತು:

"ಚೆನ್ನಾಗಿ ಬಂತೇನೋ, ಮಗಾ?"

"ಬಂತಮ್ಮ" ಎಂದರು ಅರವತ್ತಾರರ ಪ್ಲೇಟುಮಾವ.

ದನಿಯನ್ನೇ ನಂಬಿ ಬದುಕುವ ಈ ಕುಲದವರು ಲೋಕದ ಕಣ್ಣಿಗೆ ಹಳೆಯ ಡಬ್ಬಗಳ ನಡುವಿನ ಹಠಮಾರಿಗಳು. ಹೋದವರನ್ನು ಮರಳಿ ಕರೆತರುವ ಶಕ್ತಿ ಅವರಿಗೂ ಇಲ್ಲ. ಆದರೆ ಹೋದವರು ಕೇಳಿಹೋದ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಹೇಳುವ ಭಾಗ್ಯ ನಮಗೆ ಇಂಥವರಿಂದಲೇ ದೊರೆಯುತ್ತದೆ.