ಕರೆಂಟು ಹರಿಸದ ನೀರು

ನೀಲಿಯೇ ಇದು, ಟ್ಯೂಬ್‌ಲೈಟಿಗೆ ಹಾಗೆ ಕಾಣುತ್ತಿದೆಯೋ ಏನೋ, ಇಲ್ಲ, ಕಿಟಕಿಯ ಬಿಸಿಲಿಗೆ ಹಿಡಿದರೂ ನೀಲಿ — ಆಗಬಾರದಿತ್ತು, ಈ ನಳಿಕೆಯ ನೀರಿಗೆ ನಾನು ಕರೆಂಟನ್ನೇ ಹರಿಸಿಲ್ಲ, ಮಾನ್ವಿಯ ನಮ್ಮ ಓಣಿಯ ಬಾವಿ ನೀರು, ಕ್ಯಾನಿನಿಂದ ಬಗ್ಗಿಸಿ ಪರೀಕ್ಷೆಯ ಔಷಧಿ ಹನಿಸಿದ್ದಷ್ಟೇ, ಗದ್ದೆಗೆ ಸುರಿದ ಗೊಬ್ಬರ ಇಳಿದೂ ಇಳಿದೂ ಅದರ ತುಂಬ ನೈಟ್ರೇಟು, ಕರೆಂಟು ಕೊಟ್ಟರೆ ನನ್ನ ತಾಮ್ರ-ಕೋಬಾಲ್ಟಿನ ತಗಡು ಅದನ್ನು ಅಮೋನಿಯಾ ಮಾಡಬೇಕು, ಅಮೋನಿಯಾ ಇದ್ದರಷ್ಟೇ ಔಷಧಿ ಬಿದ್ದ ನೀರು ನೀಲಿಯಾಗಬೇಕು, ಕುಡಿಯುವ ನೀರೂ ಸುಧಾರಿಸಿ ಗೊಬ್ಬರವೂ ವಾಪಸು ಬರಬೇಕು, ಇಷ್ಟಕ್ಕೇ ನನ್ನ ಪಿಎಚ್‌ಡಿ. ನಿನ್ನೆ ತಗಡು ಇಳಿಸಿ ಕರೆಂಟು ಕೊಟ್ಟ ಇದೇ ಮಾನ್ವಿಯ ನೀರು ನೀಲಿಯಾದಾಗ ಗೈಡ್ ಅಮರೇಶ ಸರ್ ಕುಣಿಯುವುದೊಂದೇ ಬಾಕಿ, ಗೆದ್ದಿ ಬಿಡು ಶಶಿಕಲಾ, ನಾಳಿ ವಿಭಾಗದ ಸಭಾದಾಗ ಎಲ್ಲಾರ ಮುಂದ ಹೇಳಿಬಿಡ್ತೀನಿ, ನಾನೂ ನಕ್ಕಿದ್ದೆ, ರಾತ್ರಿ ಎರಡು ಹೋಳಿಗೆ ಹೆಚ್ಚು ತಿಂದಿದ್ದೆ, ಬರೀ ನೀರನ್ನೂ ಒಮ್ಮೆ ನೋಡಿಬಿಡೋಣ ಎಂದು ಇವತ್ತು ಕೂತದ್ದೇ ತಪ್ಪಾಯಿತು, ತಪ್ಪೇನು, ಮೊದಲೇ ಕೂರಬೇಕಿತ್ತು. ದೇವದುರ್ಗದ ನೀರಿನಲ್ಲಿ ಇದೇ ತಗಡು ತೆಳ್ಳಗೆ, ಬಣ್ಣವೋ ಭ್ರಮೆಯೋ ಅನ್ನುವಷ್ಟೇ ಕೊಟ್ಟಿತ್ತು, ಆ ನೀರನ್ನು ನಾನೇ ಹೋಗಿ ತುಂಬಿಸಿಕೊಂಡು ಬಂದಿದ್ದೆ, ಮಾನ್ವಿಯದನ್ನು ತಂದವಳು ಅವ್ವ, ರಾಯಚೂರು ಬಸ್‌ಸ್ಟ್ಯಾಂಡಿನವರೆಗೆ ಕ್ಯಾನು ತೊಡೆ ಮೇಲಿಟ್ಟುಕೊಂಡೇ ಬಂದಳು, ಕಂಡಕ್ಟರ್ ಕೆಳಗಿಡು ಅಂದದ್ದಕ್ಕೆ, ನನ್ನ ಮಗಳ ಪರೀಕ್ಷಾದ ನೀರದು, ನಿನ್ನ ಕೂಳಲ್ಲ, ಅಂದಳಂತೆ. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು, ಅವ್ವ ಮಾಡಿದ್ದರ ಬಗ್ಗೆ ಗಾದೆಯಲ್ಲೇನೂ ಇಲ್ಲ, ಫೋನು ಹಚ್ಚಿದೆ.

ಯವ್ವಾ, ಕ್ಯಾನಿಗೆ ನೀರು ಹೆಂಗ ತುಂಬಿದಿ? ಸೋಸಿ ತುಂಬೀನಿ ಬಿಡು, ಬಾವ್ಯಾಗ ಬರೇ ಕಸ, ಪ್ಯಾಟ್ಯಾಗಿನ ಮಾಸ್ತರು ನೋಡ್ತಾರಂತ, ಹೊಲಸು ಕೊಡಾಕ ಬರ್ತದೇನು. ಯಾವ ಅರಿವಿಲೆ ಸೋಸಿದಿ ಬೇ? ಅರಿವಿ ಎಲ್ಲೀದು, ಯೂರಿಯಾ ಚೀಲ, ನೀರಾಗ ಜಾಡಿಸಿ ತೊಳದೀನಿ. ಕಣ್ಣು ಮುಚ್ಚಿದೆ, ನಗುವೂ ಬಂತು ಅಳುವೂ ಬಂತು, ಚೀಲದ ಹೊಲಿಗೆಯಲ್ಲಿ ಉಳಿದ ಯೂರಿಯಾ ನೀರಿಗಿಳಿದು, ಬಿಸಿಲಲ್ಲಿ ಕೂತ ಕ್ಯಾನಿನೊಳಗೆ ತಾನಾಗಿಯೇ ಅಮೋನಿಯಾ ಆಗಿದೆ, ನಿನ್ನೆಯ ನೀಲಿಯಲ್ಲಿ ತಗಡಿನ ಪಾಲೆಷ್ಟು, ಚೀಲದ ಪಾಲೆಷ್ಟು, ತಗಡಿಗೆ ಪಾಲು ಇದೆಯೋ ಇಲ್ಲವೋ, ಶಿವನೇ ಬಲ್ಲ. ಅವ್ವನ ಮೇಲೆ ಸಿಟ್ಟಾಗಲು ಮನಸ್ಸು ಬರಲಿಲ್ಲ. ನೀಲಿ ಬಂತೇನವ್ವಾ, ಅಂದಳು. ಬಂತು ಬೇ. ಆ ಕಡೆ ಯಾರಿಗೋ ಕೂಗುತ್ತಿದ್ದಾಳೆ, ನಮ್ಮ ಶಶೀದು ನೀಲಿ ಬಂತಂತ! ಬಾಗಿಲಲ್ಲಿ ಸರ್, ಇಸ್ತ್ರಿಯ ಅಂಗಿ, ನಡಿಯವ್ವಾ, ಎಲ್ಲಾರೂ ಬಂದು ಕುಂತಾರ, ನಾನು ಏಳಲಿಲ್ಲ, ಸರ್, ಈ ನೀರಿಗೆ ಕರೆಂಟು ಕೊಟ್ಟಿಲ್ಲ, ಅಂದೆ, ಅವರ ನಗು ಇನ್ನೂ ಮುಖದ ಮೇಲೇ ಇದೆ, ನಳಿಕೆ ಎತ್ತಿ ಹಿಡಿದಿದ್ದೇನೆ, ನೀಲಿ, ತಗಡು ಮುಟ್ಟದ ನೀಲಿ, ಒಳ್ಳೆ ಚೊಕ್ಕ ನೀಲಿ —