ಮೂರು ಸಲ ಓದಿದ ಸಾಲು

"ಪೆಟ್ಟಿಗೆ ಇಪ್ಪತ್ತೆರಡು ಇಂಚು, ಬಾಗಿಲು ಇಪ್ಪತ್ನಾಲ್ಕು. ತರುವಾಗಿನ ಹಾಗೆ ಓರೆ ಮಾಡ್ಬೇಕಿಲ್ಲ, ಸಲೀಸಾಗಿ ಹೋಗುತ್ತೆ," ಎಂದು ಟೇಪು ಸುತ್ತಿಕೊಂಡ ಮೈದುನ, ತೀರಿಹೋದ ಅತ್ತಿಗೆಯ ಮೇಜನ್ನು ಪಕ್ಕಕ್ಕೆ ಎಳೆದ. ಮೇಲಿದ್ದ ಲ್ಯಾಪ್‌ಟಾಪ್ ಜಾರುವಷ್ಟರಲ್ಲಿ, ಅತ್ತಿಗೆಯ ಆಫೀಸಿನ ಹುಡುಗಿ ಅವಸರಿ ಹಿಡಿದುಕೊಂಡಳು.

ಎಲ್ಲಕ್ಕೂ ಅವಸರ ಎಂದು ಅವಳಿಗೆ ಆ ಹೆಸರಿಟ್ಟವಳು ಒಳಕೋಣೆಯ ಪೆಟ್ಟಿಗೆಯಲ್ಲಿದ್ದಳು. ಆಫೀಸಿನವರಿಗೆಲ್ಲ ಅವಳು ಜರಡಿಯಕ್ಕ. ಯಾರು ಬರೆದ ಕೋಡಾದರೂ ಅವಳ ಜರಡಿಯಿಂದ ಇಳಿದೇ ಹೊರಗೆ ಹೋಗಬೇಕು.

ಪರದೆ ಬೆಳಗಿತು. ಅವಸರಿಯೇ ಬರೆದ ಪ್ಯಾಚ್, ಹಳೆ ಕೋಡಿಗೆ ಹಾಕಿದ ತೇಪೆ. ಕೆಳಗೆ ಹಸಿರು ಗುರುತು: ಅಕ್ಕನ ಒಪ್ಪಿಗೆ, ನಿನ್ನೆ ಸಂಜೆ ನಾಲ್ಕಕ್ಕೆ. ಅಕ್ಕ ತೀರಿಹೋದದ್ದು ಎರಡಕ್ಕೆ.

ಅವಳು ಆ ಹೊತ್ತನ್ನು ಮತ್ತೊಮ್ಮೆ ಓದಿದಳು.

"ಅದು ನಾನೇ ಒತ್ತಿದ್ದು," ಎಂದ ಅಕ್ಕನ ಗಂಡ, ಮೆಲ್ಲಗೆ. "ಈಚೆಗೆ ಅವಳ ಕೈ ನಡುಗ್ತಿತ್ತಲ್ಲ, ಕೊನೇ ಗುಂಡಿ ನನ್ನ ಕೈಲೇ ಒತ್ತಿಸೋಳು. ನಿನ್ನೇದು ಅರ್ಧಕ್ಕೇ ನಿಂತಿತ್ತು. ಬಾಕಿ ಇಟ್ಕೊಂಡು ಹೋದೋಳಲ್ಲ ಅವಳು... ತಪ್ಪಾಯ್ತೇನಮ್ಮಾ?"

"ಇಲ್ಲ ಭಾವ," ಎಂದಳು. ಗಡಿಯಾರ ಹತ್ತೂ ನಲವತ್ತು ತೋರಿಸುತ್ತಿತ್ತು. ಹನ್ನೊಂದಕ್ಕೆ ಆ ಪ್ಯಾಚ್ ಆಸ್ಪತ್ರೆಗಳಲ್ಲಿ ಹಾಸಿಗೆ ಪಕ್ಕದ ಮಾನಿಟರುಗಳಿಗೆಲ್ಲ ತಾನಾಗಿ ಇಳಿಯುತ್ತದೆ. ಆಮೇಲೆ ಪ್ಯಾಕೆಟ್ಟಿನ, ಅಂದರೆ ಮಾಹಿತಿ ಕಟ್ಟಿನ, ಅಳತೆಯನ್ನು ಆಸ್ಪತ್ರೆಯವರೇ ಹೊಂದಿಸಬಹುದು; ಪ್ಯಾಚಿನ ಕೆಲಸ ಇಷ್ಟೆ: ಯಂತ್ರದಲ್ಲಿ ಹಿಡಿಸುವುದಕ್ಕಿಂತ ದೊಡ್ಡ ಪ್ಯಾಕೆಟ್ ಅಳತೆಯನ್ನು ಯಾರಾದರೂ ಹೊಂದಿಸಿದರೆ ಒಲ್ಲೆ ಎನ್ನಬೇಕು. ಎನ್ನದಿದ್ದರೆ ಪ್ಯಾಕೆಟ್ ತುಂಬಿ ಪಕ್ಕದ ಮೆಮೊರಿಗೆ ಚೆಲ್ಲುತ್ತದೆ. ಮಾನಿಟರು ಮೂಕವಾಗುತ್ತದೆ, ಉಸಿರು ನಿಂತರೂ ಕೂಗುವುದಿಲ್ಲ.

ತಡೆಯುವುದು ತಂಡದ ಮುಖ್ಯಸ್ಥನ ಫೋನಿನಿಂದ ಮಾತ್ರ. ಅವನು ಇಲ್ಲೇ ಇದ್ದ. ಹೇಳಿದರೆ ಈ ಮುದುಕನ ಹೆಸರು ಬಾಯಿಂದ ಬಾಯಿಗೆ ಹೋಗುತ್ತದೆ. ಕೋಡು ಸರಿಯಾಗಿಯೇ ಇದೆಯಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು.

*

ಅಕ್ಕ ಕೋಡನ್ನು ಗಟ್ಟಿಯಾಗಿ ಓದುತ್ತಿದ್ದಳು, ಪದ್ಯ ಓದುವ ಹಾಗೆ, ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳಿನಿಂದ ಲೆಕ್ಕ ಹಿಡಿಯುತ್ತ.

"ಸಾಕು ಬಿಡಕ್ಕಾ, ಕಚೇರಿಯೇನು ಭಜನೆ ಮನೇನಾ?" ಎಂದು ಅವಸರಿ ಕೆಣಕಿದ್ದಳು.

"ಎಡವಿದ ಸಾಲನ್ನ ಮೂರು ಸಲ ಓದ್ತೀನಿ ಕಣೆ ಅವಸರಿ. ಮೂರನೇ ಸಲಕ್ಕೆ ತಾನೇ ಬಾಯಿ ಬಿಡುತ್ತೆ."

*

"ಭಾವ, ನಿನ್ನೆ ಅಕ್ಕ ಯಾವ್ದಾದ್ರೂ ಸಾಲನ್ನ ಎರಡೆರಡು ಸಲ ಓದಿದ್ಲಾ?"

"ಮೂರು ಸಲ. ಅಡಿಗೆಮನೆಗೂ ಕೇಳಿಸ್ತು." ಅರ್ಥ ತಿಳಿಯದಿದ್ದರೂ ಅವನು ಹೆಂಡತಿಯದೇ ಲಯದಲ್ಲಿ ಒಪ್ಪಿಸಿದ: "ಅಳತೆ ಗರಿಷ್ಠಕ್ಕಿಂತ ಹೆಚ್ಚಾದರೆ, ಹಿಂದಿರುಗು."

ಅವಸರಿ ಆ ಸಾಲನ್ನೇ ನೋಡುತ್ತ ಕೂತಳು. ತಪ್ಪು ಕಾಣಲಿಲ್ಲ.

ಆಗ ಒಳಗಿಂದ ಧಡ್ ಎಂಬ ಸದ್ದು. ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು.

"ಅಳೆದೆ ಅಂದ್ಯಲ್ಲೋ!" ಯಾರೋ ಮೈದುನನ ಮೇಲೆ ರೇಗಿದರು.

"ಪೆಟ್ಟಿಗೆ ಅಳೆದೆ. ಹಿಡಿಕೆ ಲೆಕ್ಕಕ್ಕೆ ತಗೊಳ್ಳಿಲ್ಲ."

ಅವಸರಿ ಥಟ್ಟನೆ ಪರದೆಗೆ ತಿರುಗಿದಳು. ಪ್ಯಾಕೆಟ್ಟಿನ ಒಳಗಿನದನ್ನಷ್ಟೇ ಅವಳು ಅಳೆದಿದ್ದಳು. ಅದರ ತಲೆಗೆ ಅಂಟುವ ವಿಳಾಸದ ಹದಿನೆಂಟು ಬೈಟುಗಳನ್ನು ಕೂಡಿಸಿರಲೇ ಇಲ್ಲ.

ಹತ್ತೂ ಐವತ್ತೇಳು. ಮುಖ್ಯಸ್ಥ ಪೆಟ್ಟಿಗೆಯ ಮುಂದಿನ ಹಿಡಿಕೆ ಹಿಡಿದು ಬಾಗಿಲಲ್ಲಿ ಬೆವರುತ್ತಿದ್ದ.

"ಸರ್, ಹನ್ನೊಂದರದ್ದು ತಡೀರಿ. ನನ್ನ ಕೋಡು ತಪ್ಪು. ಅಕ್ಕ ಒಪ್ಪಿಲ್ಲ."

"ಗುರುತಿದೆಯಲ್ಲೇ?"

ಅವಳು ಭಾವನ ಕಡೆ ನೋಡದೆ ಲ್ಯಾಪ್‌ಟಾಪ್ ಮುಚ್ಚಿದಳು.

"ಅದು ಅವಳದಲ್ಲ," ಎಂದ ಅಕ್ಕನ ಗಂಡ. "ನಂದು."

ಮುಖ್ಯಸ್ಥ ಫೋನು ತೆಗೆಯಲು ಒಂದು ಕೈ ಬಿಟ್ಟ. ಪೆಟ್ಟಿಗೆ ಓರೆಯಾಯಿತು, ಮುದುಕ ಅಡ್ಡ ನುಗ್ಗಿ ಆ ಹಿಡಿಕೆಗೆ ಕೈ ಕೊಟ್ಟ. ಫೋನಿನ ಮೇಲೆ ಬೆರಳು ಒತ್ತುವವರೆಗೆ, ಒತ್ತಿ "ನಿಲ್ತು" ಅನ್ನುವವರೆಗೆ ಯಾರೂ ಅಲುಗಲಿಲ್ಲ.

ಆಮೇಲೂ ಮುದುಕ ಹಿಡಿಕೆ ಬಿಡಲಿಲ್ಲ. ಅವನ ತುಟಿ ಆ ಸಾಲನ್ನೇ ಓದುತ್ತಿತ್ತು. ಇನ್ನೊಂದು ಕೈಯ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹೋಗಿ, ಮತ್ತೆ ಮೊದಲಿನದಕ್ಕೇ ಬರುತ್ತಿತ್ತು.